ಕಾಸು ಕೊಡದೆ ಕನ್ನಡ ನೋಡುವ ದಾರಿಗಳು

ದೆಹಲಿಯ ಐಟಿಒ ಕಡೆಯಿಂದ ಯಮುನೆಯ ಸೇತುವೆ ದಾಟಿ ವಿಕಾಸ್ ಮಾರ್ಗ ಹಿಡಿದರೆ ಲಕ್ಷ್ಮೀ ನಗರ ಬಂತೆಂದು ಹೇಳುವುದು ಅಲ್ಲಿನ ಬೋರ್ಡುಗಳೇ. ಸಿಎ, ಸಿಎಸ್, ಸಿಎಂಎ ಎಂಬ ಅಕ್ಷರಗಳು ಕಟ್ಟಡಗಳ ನೆತ್ತಿಯಿಂದ ನೆಲಮಹಡಿಯವರೆಗೆ ತೂಗುತ್ತಿರುತ್ತವೆ. ಚಾರ್ಟರ್ಡ್ ಅಕೌಂಟೆಂಟ್‌ಗಳ ಸಂಸ್ಥೆಯ ಕೇಂದ್ರ ಕಚೇರಿ ನದಿಯ ಆಚೆ ದಡದ ಇಂದ್ರಪ್ರಸ್ಥ ಮಾರ್ಗದಲ್ಲಿದೆ. ಅದರ ಪರೀಕ್ಷೆಗಳಿಗೆ ತಯಾರು ಮಾಡುವ ಕೋಚಿಂಗ್ ಕೇಂದ್ರಗಳು ಈಚೆ ದಡದಲ್ಲಿ ಸಾಲುಗಟ್ಟಿವೆ. 2010ರ ಜನವರಿಯಲ್ಲಿ ಮೆಟ್ರೊ ನೀಲಿ ಮಾರ್ಗದ ಕವಲು ಇಲ್ಲಿಗೆ ಬಂದ ಮೇಲೆ ನಗರದ ಯಾವ ಮೂಲೆಯಿಂದಲಾದರೂ ತಲುಪುವುದು ಸುಲಭವಾಯಿತು. ಒಳಗಿನ ಓಣಿಗಳ ತುಂಬ ಪಿಜಿಗಳು, ಬಾಡಿಗೆ ಕೋಣೆಗಳು, ಡಬ್ಬಿ ಊಟ ಕೊಡುವವರು. ದೇಶದ ನಾನಾ ಕಡೆಯಿಂದ ಬಂದು ಇಲ್ಲಿ ಓದುವವರ ನಡುವೆ ಕನ್ನಡದ ಹುಡುಗ ಹುಡುಗಿಯರೂ ಇದ್ದಾರೆ.

ಅವರ ತಿಂಗಳ ಲೆಕ್ಕದಲ್ಲಿ ಬಾಡಿಗೆ, ಊಟ, ಕೋಚಿಂಗ್ ಶುಲ್ಕ, ಪುಸ್ತಕ, ಮೊಬೈಲ್ ರೀಚಾರ್ಜ್ ಮುಗಿದ ಮೇಲೆ ಮನರಂಜನೆಗೆ ಉಳಿಯುವುದು ತೀರ ಕಡಿಮೆ. ನೆಟ್‌ಫ್ಲಿಕ್ಸ್, ಪ್ರೈಮ್, ಜಿಯೊಹಾಟ್‌ಸ್ಟಾರ್, ಜೀ5, ಸನ್ ನೆಕ್ಸ್ಟ್ ಎಲ್ಲಕ್ಕೂ ಚಂದಾ ಕಟ್ಟುವುದು ಆಗದ ಮಾತು. ರಾತ್ರಿ ಪುಸ್ತಕ ಮುಚ್ಚಿದ ಮೇಲೆ ಒಂದು ಗಂಟೆ ಕನ್ನಡ ಮಾತು ಕಿವಿಗೆ ಬೀಳಲಿ ಅನ್ನುವವರಿಗೆ ಉಳಿದ ದಾರಿಯೆಂದರೆ ಜಾಹೀರಾತು ನೋಡಿ ಸಿನಿಮಾ ನೋಡುವ ಉಚಿತ ಸೇವೆಗಳು. ಆರ್.ಕೆ. ಪುರಂನಲ್ಲಿ ದೆಹಲಿ ಕರ್ನಾಟಕ ಸಂಘವಿದೆ, ಲೋಧಿ ರಸ್ತೆಯ ಬಳಿ ಕನ್ನಡ ಶಾಲೆಯಿದೆ. ಆದರೆ ಪೂರ್ವ ದೆಹಲಿಯಿಂದ ಅಲ್ಲಿಗೆ ಹೋಗಿಬರಲು ಅರ್ಧ ದಿನ ಬೇಕು. ಫೋನು ಮಾತ್ರ ಯಾವಾಗಲೂ ಕೈಯಲ್ಲೇ ಇರುತ್ತದೆ.

ಅಂಥ ಸೇವೆಗಳು ಈಗ ಹತ್ತಾರಿವೆ. ಯಾವುದರಲ್ಲಿ ಕನ್ನಡ ನಿಜವಾಗಿ ಸಿಗುತ್ತದೆ, ಯಾವುದು ನಾಳೆಯೂ ಉಚಿತವಾಗಿ ಉಳಿಯುತ್ತದೆ, ಯಾವುದು ಹಣದ ಬದಲು ಬೇರೇನನ್ನೋ ಕಿತ್ತುಕೊಳ್ಳುತ್ತದೆ ಎಂಬುದನ್ನು ತಿಳಿದೇ ಆಯ್ಕೆ ಮಾಡಬೇಕು.

ಜಾಹೀರಾತಿನ ದುಡ್ಡಿನಲ್ಲಿ ಕಾರ್ಯಕ್ರಮ ತೋರಿಸುವುದು ದೆಹಲಿಗೆ ಹೊಸತಲ್ಲ. ಭಾರತದ ಟಿವಿ ಹುಟ್ಟಿದ್ದೇ ಈ ನಗರದಲ್ಲಿ, 1959ರ ಸೆಪ್ಟೆಂಬರ್ 15ರಂದು. 1976ರಲ್ಲಿ ದೂರದರ್ಶನ ಜಾಹೀರಾತುಗಳನ್ನು ಒಳಗೆ ಬಿಟ್ಟುಕೊಂಡಿತು. 1984ರ ಜುಲೈಯಲ್ಲಿ ಶುರುವಾದ ‘ಹಮ್ ಲೋಗ್’ ಧಾರಾವಾಹಿಯ ಪ್ರಾಯೋಜಕರು ಮ್ಯಾಗಿ ನೂಡಲ್ಸ್‌ನವರು. ನೂಡಲ್ಸ್ ಮಾರುವವರ ಹಣದಿಂದ ದೇಶವೆಲ್ಲ ಒಂದು ಮಧ್ಯಮ ವರ್ಗದ ಕುಟುಂಬದ ಕಥೆ ನೋಡಿತು, ನೋಡಿದವರು ಒಂದು ಪೈಸೆಯನ್ನೂ ಕೊಡಲಿಲ್ಲ. ಅದೇ ದಶಕದಲ್ಲಿ ಭಾನುವಾರ ಮಧ್ಯಾಹ್ನ ಪ್ರಾದೇಶಿಕ ಭಾಷೆಗಳ ಪ್ರಶಸ್ತಿ ವಿಜೇತ ಚಿತ್ರಗಳು ಬರುತ್ತಿದ್ದವು. ಬಂಗಾಳಿ, ಮಲಯಾಳಂ, ಅಸ್ಸಾಮಿ ಚಿತ್ರಗಳ ನಡುವೆ ಕನ್ನಡದ ಸರದಿ ಬಂದ ಭಾನುವಾರಕ್ಕಾಗಿ ದೆಹಲಿಯ ಕನ್ನಡ ಮನೆಗಳು ಕಾಯುತ್ತಿದ್ದವು. ಆಗ ವೀಕ್ಷಕರಿಗೆ ಆಯ್ಕೆಯೆಂಬುದೇ ಇರಲಿಲ್ಲ. ಇಂದು ಆಯ್ಕೆ ತುಂಬಿದೆ, ಅದರೊಳಗಿಂದ ಕನ್ನಡವನ್ನು ಹುಡುಕಿ ತೆಗೆಯಬೇಕು.

ಇಂಟರ್‌ನೆಟ್ ಕಾಲದಲ್ಲಿ ಈ ವ್ಯವಹಾರವನ್ನು ದೊಡ್ಡದಾಗಿ ಬೆಳೆಸಿದವರು ಅಮೆರಿಕದವರು. 2014ರಲ್ಲಿ ಅಲ್ಲಿ ಪ್ಲುಟೊ ಟಿವಿ, ಟುಬಿ ಎಂಬ ಎರಡು ಉಚಿತ ಸೇವೆಗಳು ಬಂದವು. ಐದಾರು ವರ್ಷಗಳಲ್ಲಿ ದೊಡ್ಡ ಕಂಪನಿಗಳು ಎರಡನ್ನೂ ಕೊಂಡವು. ಪ್ಲುಟೊಗೆ 2019ರಲ್ಲಿ ವಯಾಕಾಮ್ 34 ಕೋಟಿ ಡಾಲರ್ ಕೊಟ್ಟರೆ, ಟುಬಿಗೆ 2020ರಲ್ಲಿ ಫಾಕ್ಸ್ 44 ಕೋಟಿ ಡಾಲರ್ ಕೊಟ್ಟಿತು. ಚಂದಾ ಕೇಳದ ಸೇವೆಗೆ ಇಷ್ಟು ಬೆಲೆ ಬಂದದ್ದು ವೀಕ್ಷಕರ ಸಮಯಕ್ಕೆ ಜಾಹೀರಾತುದಾರರು ಕೊಡುವ ಹಣ ಅಷ್ಟಿದೆ ಎಂಬ ಕಾರಣಕ್ಕೆ. ಅಮೆರಿಕದಲ್ಲಿರುವ ಕನ್ನಡ ಕುಟುಂಬಗಳಿಗೆ ಇನ್ನೊಂದು ಅನುಕೂಲವೂ ಇದೆ. ಸಾರ್ವಜನಿಕ ಗ್ರಂಥಾಲಯದ ಕಾರ್ಡ್ ಇದ್ದರೆ ಅನೇಕ ಊರುಗಳಲ್ಲಿ ಕನೊಪಿ, ಹೂಪ್ಲ ಎಂಬ ಸೇವೆಗಳಲ್ಲಿ ಜಾಹೀರಾತೂ ಇಲ್ಲದೆ ಸಿನಿಮಾ ನೋಡಬಹುದು. ನಮ್ಮ ಗ್ರಂಥಾಲಯ ಇಲಾಖೆಗಳು ಗಮನಿಸಬೇಕಾದ ಏರ್ಪಾಡಿದು.

ಇನ್ನು ಲಕ್ಷ್ಮೀ ನಗರದ ಕೋಣೆಯ ಮಾತು.

ಇವತ್ತಿನ ಮಟ್ಟಿಗೆ ಉಚಿತವಾಗಿ ಅತಿ ಹೆಚ್ಚು ಕನ್ನಡ ಸಿಗುವುದು ಯೂಟ್ಯೂಬಿನಲ್ಲಿ. ಓಟಿಟಿ ಎಂದಾಗ ಅನೇಕರು ಯೂಟ್ಯೂಬನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ರಾಜ್‌ಕುಮಾರ್, ವಿಷ್ಣುವರ್ಧನ್, ಶಂಕರ್‌ನಾಗ್, ಅನಂತನಾಗ್ ಅವರ ಹಳೆಯ ಚಿತ್ರಗಳನ್ನು ಹಕ್ಕು ಪಡೆದ ಆಡಿಯೊ, ವಿಡಿಯೊ ಕಂಪನಿಗಳು ತಮ್ಮ ಚಾನೆಲ್‌ಗಳಲ್ಲಿ ಪೂರ್ತಿಯಾಗಿ ಹಾಕಿವೆ. ದೂರದರ್ಶನ ಚಂದನದ ‘ಥಟ್ ಅಂತ ಹೇಳಿ’ 2002ರಲ್ಲಿ ಶುರುವಾಯಿತು. ಡಾ. ನಾ. ಸೋಮೇಶ್ವರ ಅವರು ಪ್ರಶ್ನೆ ಕೇಳಿ ಪುಸ್ತಕ ಬಹುಮಾನ ಕೊಡುವ ಈ ಕಾರ್ಯಕ್ರಮದ ಕಂತುಗಳೂ ಅಲ್ಲಿ ಸಿಗುತ್ತವೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ಊಟದ ಹೊತ್ತಿನಲ್ಲಿ ನೋಡಲು ಇದಕ್ಕಿಂತ ಒಳ್ಳೆಯದು ಸಿಗಲಾರದು. ಟಿ.ಎನ್. ಸೀತಾರಾಮ್ ಮತ್ತು ಅವರ ಜತೆಗಾರರು 1990ರ ದಶಕದ ಕೊನೆಯಲ್ಲಿ ದೂರದರ್ಶನಕ್ಕೆ ಮಾಡಿದ ‘ಮಾಯಾಮೃಗ’ವನ್ನು ಆಗಿನ್ನೂ ಹುಟ್ಟಿರದ ಹುಡುಗರು ಈಗ ಯೂಟ್ಯೂಬಿನಲ್ಲಿ ನೋಡಬಹುದು. ಕನ್ನಡದ ಮುಖ್ಯ ಸುದ್ದಿ ವಾಹಿನಿಗಳು ದಿನವಿಡೀ ಅಲ್ಲೇ ನೇರಪ್ರಸಾರದಲ್ಲಿರುತ್ತವೆ. ಹಾಗಾಗಿ ಸುದ್ದಿಗೆಂದು ಬೇರೆ ಆ್ಯಪ್ ಇಳಿಸಿಕೊಳ್ಳುವ ಅಗತ್ಯವೇ ಇಲ್ಲ.

ಆದರೂ ಯೂಟ್ಯೂಬಿನಲ್ಲಿ ಎರಡು ವಿಷಯ ನೋಡಿಕೊಳ್ಳಬೇಕು. ಮೊದಲನೆಯದು ಹಕ್ಕು. ಚಿತ್ರದ ಹಕ್ಕುದಾರರ ಚಾನೆಲ್‌ನಲ್ಲಿ ನೋಡಿದರೆ ಆ ವಿಡಿಯೊದ ಜಾಹೀರಾತು ಆದಾಯದಲ್ಲಿ ಶೇ 55ರಷ್ಟು ಅವರಿಗೆ ಹೋಗುತ್ತದೆ. ಕನ್ನಡ ಚಿತ್ರ ಮಾಡಿದವರಿಗೆ ಬಡ ವಿದ್ಯಾರ್ಥಿಯೂ ಸಲ್ಲಿಸಬಹುದಾದ ಪಾಲು ಅದು. ಕದ್ದು ಹಾಕಿದ ಚಿತ್ರವನ್ನು ಗುರುತಿಸುವುದು ಕಷ್ಟವೇನಲ್ಲ. ಯೂಟ್ಯೂಬಿನ ತಪಾಸಣೆಯಿಂದ ತಪ್ಪಿಸಿಕೊಳ್ಳಲು ಚಿತ್ರವನ್ನು ಎಡಬಲ ತಿರುಗಿಸಿರುತ್ತಾರೆ, ದನಿಯನ್ನು ತುಸು ಕೀರಲು ಮಾಡಿರುತ್ತಾರೆ, ಸುತ್ತ ಬಣ್ಣದ ಚೌಕಟ್ಟು ಹಾಕಿರುತ್ತಾರೆ. ಹೊಸದಾಗಿ ಬಿಡುಗಡೆಯಾದ ಚಿತ್ರ ಯಾವುದೋ ಹೆಸರಿಲ್ಲದ ಚಾನೆಲ್‌ನಲ್ಲಿ ಕಂಡರೆ ಅನುಮಾನಕ್ಕೆ ಅಷ್ಟೇ ಸಾಕು.

ಎರಡನೆಯದು ಗುಣಮಟ್ಟ. ಹಳೆಯ ಕನ್ನಡ ಚಿತ್ರಗಳ ಉಚಿತ ಪ್ರತಿಗಳಲ್ಲಿ ಅನೇಕವು ವಿಡಿಯೊ ಟೇಪಿನ ಕಾಲದವು. ಬಣ್ಣ ಮಾಸಿರುತ್ತದೆ, ಅಂಚುಗಳು ಕತ್ತರಿಸಿಹೋಗಿರುತ್ತವೆ, ಹಾಡಿನ ನಡುವೆ ಕಂಪನಿಯ ಮುದ್ರೆ ಕುಣಿಯುತ್ತದೆ. ಗಿರೀಶ ಕಾಸರವಳ್ಳಿ ಅವರ 1977ರ ‘ಘಟಶ್ರಾದ್ಧ’ವನ್ನು ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ಮಾರ್ಟಿನ್ ಸ್ಕಾರ್ಸೆಸೆ ಅವರ ಸಂಸ್ಥೆ ಸೇರಿ ಪುನರುಜ್ಜೀವಗೊಳಿಸಿ 2024ರ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದವು. ಅಂಥ ಆರೈಕೆ ಕಂಡ ಕನ್ನಡ ಚಿತ್ರಗಳು ಬೆರಳೆಣಿಕೆಯಷ್ಟು. ಉಳಿದವನ್ನು ಸದ್ಯಕ್ಕೆ ಸಿಕ್ಕ ರೂಪದಲ್ಲೇ ನೋಡಬೇಕಾಗಿದೆ.

ದೆಹಲಿಯಲ್ಲಿ ಕೂತು ಹುಡುಕುವವರಿಗೆ ಇನ್ನೂ ಒಂದು ತೊಡಕಿದೆ. ಆ್ಯಪ್‌ಗಳು ಫೋನಿನ ಭಾಷೆ, ಇರುವ ಜಾಗ, ಹಿಂದೆ ನೋಡಿದ ವಿಡಿಯೊಗಳನ್ನು ಗಮನಿಸಿ ಮುಖಪುಟ ಕಟ್ಟುತ್ತವೆ. ಲಕ್ಷ್ಮೀ ನಗರದಲ್ಲಿ ಹೊಸ ಫೋನು ತೆರೆದರೆ ಹಿಂದಿಯೇ ಎದುರಾಗುತ್ತದೆ. ಕನ್ನಡ ಚಿತ್ರದ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಹುಡುಕಿದರೆ ಮೊದಲು ಅದರ ಹಿಂದಿ ಡಬ್ಬಿಂಗ್ ಬರುವುದುಂಟು, ಏಕೆಂದರೆ ಗೋಲ್ಡ್‌ಮೈನ್ಸ್‌ನಂಥ ಕಂಪನಿಗಳು ದಕ್ಷಿಣದ ಚಿತ್ರಗಳನ್ನು ಹಿಂದಿಗೆ ಡಬ್ ಮಾಡಿ ಯೂಟ್ಯೂಬಿನಲ್ಲಿ ಬಹು ದೊಡ್ಡ ವೀಕ್ಷಕವರ್ಗ ಕಟ್ಟಿಕೊಂಡಿವೆ. ಪಕ್ಕದ ಕೋಣೆಯ ಬಿಹಾರದ ಹುಡುಗನಿಗೆ ಕನ್ನಡ ಚಿತ್ರ ಹಿಂದಿಯಲ್ಲಿ ಸುಲಭವಾಗಿ ಸಿಗುತ್ತದೆ, ಮೈಸೂರಿನ ಹುಡುಗನಿಗೆ ಕನ್ನಡದಲ್ಲಿ ಸಿಗಲು ನಾಲ್ಕು ಸಲ ಹುಡುಕಬೇಕಾಗುತ್ತದೆ. ಇದಕ್ಕೆ ಸರಳ ಪರಿಹಾರವಿದೆ. ಹೆಸರನ್ನು ಕನ್ನಡ ಲಿಪಿಯಲ್ಲೇ ಟೈಪ್ ಮಾಡಿ ಹುಡುಕಬೇಕು, ಆ್ಯಪ್‌ನ ಸೆಟ್ಟಿಂಗ್‌ನಲ್ಲಿ ಕನ್ನಡವನ್ನು ಆರಿಸಿಕೊಳ್ಳಬೇಕು, ಕನ್ನಡ ಚಾನೆಲ್‌ಗಳಿಗೆ ಸಬ್‌ಸ್ಕ್ರೈಬ್ ಆಗಬೇಕು. ಕೆಲವೇ ದಿನಗಳಲ್ಲಿ ಮುಖಪುಟ ಬದಲಾಗುತ್ತದೆ. ಕನ್ನಡದಲ್ಲೂ ನೋಡುವವರಿದ್ದಾರೆ ಎಂಬ ಲೆಕ್ಕ ಕಂಪನಿಗಳಿಗೆ ಸಿಗುವುದೂ ಹೀಗೆಯೇ.

ಬೇರೆ ಭಾಷೆಯ ಚಿತ್ರ, ಧಾರಾವಾಹಿಗಳನ್ನು ಕನ್ನಡದಲ್ಲಿ ನೋಡಬಯಸುವವರಿಗೆ ಹಳೆಯ ಸರಕು ಏಕೆ ಸಿಗುವುದಿಲ್ಲ ಎಂಬುದಕ್ಕೂ ಕಾರಣವಿದೆ. ದಶಕಗಳ ಕಾಲ ಕನ್ನಡ ಚಿತ್ರರಂಗ ಡಬ್ಬಿಂಗ್‌ಗೆ ಬಾಗಿಲು ಮುಚ್ಚಿತ್ತು. ಆ ತಡೆಯ ವಿರುದ್ಧ ಭಾರತೀಯ ಸ್ಪರ್ಧಾ ಆಯೋಗ ತೀರ್ಪು ಕೊಟ್ಟದ್ದು 2015ರಲ್ಲಿ. 2017ರಿಂದ ಡಬ್ಬಿಂಗ್ ಚಿತ್ರಗಳು ತೆರೆಗೆ ಬರತೊಡಗಿದವು. 2020ರ ಲಾಕ್‌ಡೌನ್ ಕಾಲದಲ್ಲಿ ಡಬ್ ಆದ ಧಾರಾವಾಹಿಗಳಾದ ಸ್ಟಾರ್ ಸುವರ್ಣದ ‘ಮಹಾಭಾರತ’, ಜೀ ಕನ್ನಡದ ‘ಮಹಾನಾಯಕ’ ಮನೆಮನೆಗೂ ತಲುಪಿದವು. ಹಾಗಾಗಿ ಉಚಿತ ಸೇವೆಗಳಲ್ಲಿ ಕನ್ನಡಕ್ಕೆ ಡಬ್ ಆದ ಸರಕು ಹೆಚ್ಚೂಕಡಿಮೆ ಈ ಕೆಲವು ವರ್ಷಗಳದ್ದೇ.

ಯೂಟ್ಯೂಬ್ ಬಿಟ್ಟರೆ ಮೊದಲು ನೋಡಬೇಕಾದದ್ದು ಸರ್ಕಾರದ್ದು. 2024ರ ನವೆಂಬರ್ 20ರಂದು ಗೋವಾದ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಪ್ರಸಾರ ಭಾರತಿ ‘ವೇವ್ಸ್’ ಎಂಬ ಆ್ಯಪ್ ಬಿಡುಗಡೆ ಮಾಡಿತು. ದೂರದರ್ಶನ, ಆಕಾಶವಾಣಿಗಳ ಸಂಗ್ರಹ, 65 ನೇರಪ್ರಸಾರ ವಾಹಿನಿಗಳು, ಹನ್ನೆರಡಕ್ಕೂ ಹೆಚ್ಚು ಭಾಷೆಗಳು ಎಂದು ಆಗ ಪ್ರಕಟಿಸಿತು. ಆ ಭಾಷೆಗಳಲ್ಲಿ ಕನ್ನಡವೂ ಇದೆ. ಬಹುಪಾಲು ಉಚಿತ, ಕೆಲವಕ್ಕೆ ಮಾತ್ರ ಚಂದಾ. ಖಾಸಗಿ ಆ್ಯಪ್‌ಗಳ ಥಳುಕು ಇದರಲ್ಲಿಲ್ಲ. ಹೊಸ ಸಿನಿಮಾ ನೋಡುವ ಆಸೆಯಿದ್ದವರಿಗೆ ನಿರಾಸೆಯೂ ಆಗಬಹುದು. ಆದರೆ ಹಳೆಯ ಧಾರಾವಾಹಿ, ಸಾಕ್ಷ್ಯಚಿತ್ರ, ಸಂಗೀತ ಬೇಕೆನ್ನುವವರಿಗೆ ಇದು ಒಳ್ಳೆಯ ಆಯ್ಕೆ. ಸಾರ್ವಜನಿಕ ಸಂಸ್ಥೆಯ ಕೈಯಲ್ಲಿ ಇರುವುದರಿಂದ ಮಾಲೀಕರು ಬದಲಾಗಿ ರಾತ್ರೋರಾತ್ರಿ ಮಾಯವಾಗುವ ಭಯ ಕಡಿಮೆ.

ಆ ಭಯ ಸುಮ್ಮನೆ ಹುಟ್ಟಿದ್ದಲ್ಲ. ಕಲರ್ಸ್ ಕನ್ನಡದ ಕಾರ್ಯಕ್ರಮಗಳು 2016ರಲ್ಲಿ ಬಂದ ವೂಟ್ ಆ್ಯಪ್‌ನಲ್ಲಿದ್ದವು. 2023ರಲ್ಲಿ ವೂಟ್ ಜಿಯೊಸಿನಿಮಾದೊಳಗೆ ಕರಗಿತು. ಅದೇ ವರ್ಷ ಜಿಯೊಸಿನಿಮಾ ಐಪಿಎಲ್ ಕ್ರಿಕೆಟನ್ನು ಕನ್ನಡವೂ ಸೇರಿ 12 ಭಾಷೆಗಳ ವೀಕ್ಷಕ ವಿವರಣೆಯೊಂದಿಗೆ ಪೂರ್ತಿ ಉಚಿತವಾಗಿ ತೋರಿಸಿತು. ಅಂತಿಮ ಪಂದ್ಯವನ್ನು ಒಂದೇ ಕ್ಷಣಕ್ಕೆ 3.2 ಕೋಟಿ ಮಂದಿ ನೋಡುತ್ತಿದ್ದರು. ಐದು ವರ್ಷಗಳ ಡಿಜಿಟಲ್ ಹಕ್ಕಿಗೆ ಅದನ್ನು ನಡೆಸುತ್ತಿದ್ದ ಕಂಪನಿ ಕಟ್ಟಿದ್ದು 23,758 ಕೋಟಿ ರೂಪಾಯಿ. ಅಷ್ಟು ಹಣ ಸುರಿದವರು ಎಷ್ಟು ದಿನ ಉಚಿತವಾಗಿ ತೋರಿಸಿಯಾರು? 2025ರ ಫೆಬ್ರುವರಿ 14ರಂದು ಜಿಯೊಸಿನಿಮಾ, ಹಾಟ್‌ಸ್ಟಾರ್ ಸೇರಿ ಜಿಯೊಹಾಟ್‌ಸ್ಟಾರ್ ಆಯಿತು. ಆ ವರ್ಷದ ಐಪಿಎಲ್ ಹೊತ್ತಿಗೆ ಪಂದ್ಯ ಪೂರ್ತಿ ನೋಡಲು ಚಂದಾ ಕಟ್ಟಬೇಕಾಯಿತು, ಇಲ್ಲವೇ ನಿಗದಿತ ರೀಚಾರ್ಜ್ ಹಾಕಿಸಬೇಕಾಯಿತು. ಜಾಹೀರಾತು ಸಹಿತ ಮೊಬೈಲ್ ಯೋಜನೆಗೇ ಮೂರು ತಿಂಗಳಿಗೆ 149 ರೂಪಾಯಿ. ಆಟ ಉಚಿತವೆಂದು ಆ್ಯಪ್ ಹಾಕಿಕೊಂಡವರು ಎರಡು ವರ್ಷದೊಳಗೆ ಗಿರಾಕಿಗಳಾದರು.

ಎಂಎಕ್ಸ್ ಪ್ಲೇಯರ್ ಕಥೆ ಬೇರೆ. ಫೋನಿನಲ್ಲಿ ಇಳಿಸಿಟ್ಟ ವಿಡಿಯೊ ತೆರೆಯಲು ಎಲ್ಲರೂ ಬಳಸುತ್ತಿದ್ದ ಈ ಕೊರಿಯಾ ಮೂಲದ ಆ್ಯಪ್ಪನ್ನು 2018ರಲ್ಲಿ ಟೈಮ್ಸ್ ಇಂಟರ್ನೆಟ್ ಕೊಂಡು, ಮರುವರ್ಷ ಉಚಿತ ಸಿನಿಮಾ, ಧಾರಾವಾಹಿಗಳ ಸೇವೆಯಾಗಿಸಿತು. ಪ್ರಕಾಶ್ ಝಾ ಅವರ ‘ಆಶ್ರಮ್’ 2020ರಲ್ಲಿ ಇಲ್ಲೇ ಬಂದು ಹೆಸರಾಯಿತು. 2024ರ ಅಕ್ಟೋಬರ್‌ನಲ್ಲಿ ಅಮೆಜಾನ್ ಅದನ್ನು ತನ್ನ ಮಿನಿಟಿವಿ ಜತೆ ಸೇರಿಸಿ ಅಮೆಜಾನ್ ಎಂಎಕ್ಸ್ ಪ್ಲೇಯರ್ ಮಾಡಿತು. ಹಿಂದಿ ನೋಡುವವರಿಗೆ, ಕೊರಿಯಾದ ಧಾರಾವಾಹಿಗಳ ಮೋಹವಿರುವವರಿಗೆ ಅಲ್ಲಿ ಬೇಕಾದಷ್ಟಿದೆ. ಕನ್ನಡದ ಪಾಲು ಸಣ್ಣದು. ಹಿಂದಿ ಕಿವಿಗೆ ಬೀಳಲಿ ಎಂದು ಬಯಸುವ, ದೆಹಲಿಗೆ ಹೊಸದಾಗಿ ಬಂದ ಕನ್ನಡ ವಿದ್ಯಾರ್ಥಿಗೆ ಮಾತ್ರ ಅದು ಬೇರೆ ರೀತಿಯಲ್ಲಿ ಉಪಯೋಗಕ್ಕೆ ಬರಬಹುದು.

ಜೀ5ರಲ್ಲಿ ಜೀ ಕನ್ನಡದ ಧಾರಾವಾಹಿಗಳಿವೆ, 2025ರಲ್ಲಿ ಬಂದ ‘ಅಯ್ಯನ ಮನೆ’ಯಂಥ ಕನ್ನಡದ್ದೇ ಸರಣಿಗಳಿವೆ. ಅಲ್ಲಿ ಉಚಿತ ಭಾಗ, ಚಂದಾ ಭಾಗ ಎರಡೂ ಬೆರೆತಿರುತ್ತವೆ, ಉಚಿತವೆಂದು ಶುರು ಮಾಡಿದ್ದು ನಡುವೆ ಹಣ ಕೇಳಬಹುದು. ಇನ್ನು ಸ್ಮಾರ್ಟ್ ಟಿವಿಯಲ್ಲಿ ಕಂಪನಿಯೇ ತುಂಬಿಕೊಟ್ಟಿರುವ ಉಚಿತ ವಾಹಿನಿಗಳು. ಸ್ಯಾಮ್‌ಸಂಗ್ ತನ್ನ ಟಿವಿ ಪ್ಲಸ್ ಸೇವೆಯನ್ನು ಭಾರತಕ್ಕೆ 2021ರಲ್ಲಿ ತಂದಿತು, ಬೇರೆ ಕಂಪನಿಗಳೂ ಆ ದಾರಿ ಹಿಡಿದಿವೆ. ಟಿವಿ ಕೊಳ್ಳುವಾಗ ಅಂಗಡಿಯಲ್ಲೇ ಆ ಪಟ್ಟಿ ತೆರೆಸಿ ಕನ್ನಡ ವಾಹಿನಿ ಎಷ್ಟಿವೆ ಎಂದು ನೋಡಿಕೊಳ್ಳುವುದು ಒಳ್ಳೆಯದು.

ಇಂಟರ್‌ನೆಟ್ಟೇ ಬೇಡದ ಉಚಿತ ಸೇವೆಯೊಂದಿದೆ. ಓದಿದವರು ಅದನ್ನು ಮರೆಯುತ್ತಾರೆ, ಬಾಡಿಗೆ ಮನೆಯ ತಾರಸಿಗಳು ಮರೆತಿಲ್ಲ. 2004ರ ಡಿಸೆಂಬರ್‌ನಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಎಂಬ ಹೆಸರಿನಲ್ಲಿ ಶುರುವಾಗಿ ಈಗ ಡಿಡಿ ಫ್ರೀ ಡಿಶ್ ಆಗಿರುವ ಈ ಸೇವೆಗೆ ತಿಂಗಳ ಬಾಡಿಗೆ ಇಲ್ಲ. ಒಂದು ಸಣ್ಣ ಡಿಶ್, ಒಂದು ಸೆಟ್‌ಟಾಪ್ ಬಾಕ್ಸ್, ಕೂರಿಸುವವನ ಕೂಲಿ, ಇವಿಷ್ಟು ಒಂದು ಸಲದ ಖರ್ಚು. ಉಪಗ್ರಹದ ಸಂಕೇತಕ್ಕೆ ರಾಜ್ಯದ ಗಡಿ ಇಲ್ಲವಾದ್ದರಿಂದ ಚಂದನ ವಾಹಿನಿ ಚಾಮರಾಜನಗರದಲ್ಲಿ ಕಾಣುವಂತೆಯೇ ಪೂರ್ವ ದೆಹಲಿಯಲ್ಲೂ ಕಾಣುತ್ತದೆ. ಇದರಲ್ಲಿ ಕನ್ನಡ ಮನರಂಜನಾ ವಾಹಿನಿಗಳ ಸಾಲೇ ಸಿಗುತ್ತದೆಂದು ನಂಬಬಾರದು. ಆದರೂ ನಾಲ್ಕೈದು ಮಂದಿ ಸೇರಿ ಕೋಣೆ ಹಿಡಿದಿರುವಲ್ಲಿ, ಊರಿಂದ ಬಂದ ಅಪ್ಪ ಅಮ್ಮ ಕೆಲವು ದಿನ ಇರುವಲ್ಲಿ ಡೇಟಾ ಮುಗಿಯುವ ಚಿಂತೆಯಿಲ್ಲದ ಈ ಏರ್ಪಾಡು ತಕ್ಕುದು. ತಾರಸಿಯಲ್ಲಿ ಡಿಶ್ ಕೂರಿಸಲು ಮನೆ ಮಾಲೀಕರ ಒಪ್ಪಿಗೆ ಮೊದಲೇ ಕೇಳಬೇಕು.

ಡೇಟಾದ ಲೆಕ್ಕವನ್ನು ಸ್ವಲ್ಪ ವಿವರವಾಗಿಯೇ ನೋಡಬೇಕು, ಉಚಿತ ಸೇವೆಯ ನಿಜವಾದ ಬೆಲೆ ಅಲ್ಲಿದೆ. ನೆಟ್‌ಫ್ಲಿಕ್ಸ್ ತಾನೇ ಹೇಳುವಂತೆ ಮಧ್ಯಮ ಗುಣಮಟ್ಟದ ವಿಡಿಯೊಗೆ ಗಂಟೆಗೆ ಸುಮಾರು 0.7 ಜಿಬಿ, ಎಚ್‌ಡಿಗೆ 3 ಜಿಬಿವರೆಗೂ ಡೇಟಾ ಬೇಕು. ಬೇರೆ ಸೇವೆಗಳೂ ಹೆಚ್ಚೂಕಡಿಮೆ ಇದೇ ಅಳತೆಯವು. ಎರಡೂವರೆ ಗಂಟೆಯ ಚಿತ್ರಕ್ಕೆ ಮಧ್ಯಮದಲ್ಲಿ ಒಂದೂಮುಕ್ಕಾಲು ಜಿಬಿ, ಎಚ್‌ಡಿಯಲ್ಲಿ ಏಳೂವರೆ ಜಿಬಿವರೆಗೆ. ದಿನಕ್ಕೆ 1.5 ಜಿಬಿ ಕೊಡುವ ರೀಚಾರ್ಜ್ ಹಾಕಿಸಿಕೊಂಡವರ ದಿನದ ಪಾಲು ಒಂದೇ ಸಿನಿಮಾಕ್ಕೆ ಮುಗಿದುಹೋಗುತ್ತದೆ. ಮರುದಿನದ ಆನ್‌ಲೈನ್ ತರಗತಿಗೂ ಅದೇ ಡೇಟಾ ಬೇಕಲ್ಲ! ಜಾಹೀರಾತುಗಳೂ ಅದೇ ಡೇಟಾದಲ್ಲಿ ಓಡುತ್ತವೆ, ಎಂದರೆ ಜಾಹೀರಾತು ನೋಡುವ ಖರ್ಚನ್ನೂ ನೋಡುವವರೇ ಹೊರುತ್ತಾರೆ. ಪಿಜಿಯ ವೈಫೈ ಇದ್ದಾಗ ಯೂಟ್ಯೂಬ್‌ನ ಕೆಲವು ವಿಡಿಯೊಗಳನ್ನು ಫೋನಿನಲ್ಲಿ ಇಳಿಸಿಟ್ಟುಕೊಳ್ಳಬಹುದು. ಸಣ್ಣ ಪರದೆಗೆ 480ಪಿ ಗುಣಮಟ್ಟ ಧಾರಾಳವಾಗಿ ಸಾಕು. ಬರಿಯ ಮಾತು ಕೇಳುವ ಕಾರ್ಯಕ್ರಮಗಳಿಗೆ ಇನ್ನೂ ಕಡಿಮೆ ಇಟ್ಟರೂ ನಡೆಯುತ್ತದೆ.

ಜಾಹೀರಾತು ಎಷ್ಟು ಎಂಬುದಕ್ಕೆ ಟಿವಿಯಲ್ಲಿ ಒಂದು ಮಿತಿ ಇದೆ. ಕೇಬಲ್ ಟಿವಿ ನಿಯಮಗಳ ಪ್ರಕಾರ ಗಂಟೆಗೆ 12 ನಿಮಿಷ ಮೀರುವಂತಿಲ್ಲ. ಅದರಲ್ಲಿ 10 ನಿಮಿಷ ಬೇರೆಯವರ ಸರಕಿಗೆ, 2 ನಿಮಿಷ ವಾಹಿನಿಯ ಸ್ವಂತ ಪ್ರಚಾರಕ್ಕೆ. ಇಂಟರ್‌ನೆಟ್ ಸೇವೆಗಳಿಗೆ ಆ ನಿಯಮ ಅನ್ವಯಿಸುವುದಿಲ್ಲ. ಹಣ ಕೊಟ್ಟವರಿಗೂ ಜಾಹೀರಾತು ತಪ್ಪಿಲ್ಲ. ಪ್ರೈಮ್ ವಿಡಿಯೊ 2025ರ ಜೂನ್ 17ರಿಂದ ಭಾರತದ ಚಂದಾದಾರರಿಗೂ ಜಾಹೀರಾತು ತೋರಿಸತೊಡಗಿತು, ಅದು ಬೇಡವೆಂದರೆ ವರ್ಷಕ್ಕೆ 699 ರೂಪಾಯಿ ಮೇಲೆ ಕೊಡಬೇಕು ಎಂದಿತು. ಎರಡೂ ಕಡೆ ಜಾಹೀರಾತು ನೋಡುವುದೇ ಆದರೆ ವಿದ್ಯಾರ್ಥಿಗೆ ಉಚಿತವಾದುದೇ ಲೇಸು.

ಟಿವಿಯ ಜಾಹೀರಾತಿಗೂ ಆ್ಯಪ್‌ನ ಜಾಹೀರಾತಿಗೂ ಇರುವ ಮುಖ್ಯ ವ್ಯತ್ಯಾಸ ಬೇರೆಯೇ ಇದೆ. ‘ಹಮ್ ಲೋಗ್’ ನೋಡುತ್ತಿದ್ದವರು ಯಾರೆಂದು ನೂಡಲ್ಸ್ ಕಂಪನಿಗೆ ಗೊತ್ತಿರಲಿಲ್ಲ. ಇವತ್ತಿನ ಆ್ಯಪ್ ಯಾರು, ಎಲ್ಲಿ, ಯಾವ ಹೊತ್ತಿಗೆ, ಏನನ್ನು ಎಷ್ಟು ನೋಡಿ ನಿಲ್ಲಿಸಿದರು ಎಂಬುದನ್ನೆಲ್ಲ ಬರೆದಿಡುತ್ತದೆ, ಅದನ್ನಾಧರಿಸಿ ಜಾಹೀರಾತು ಆರಿಸುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ವೀಕ್ಷಕರ ಒಪ್ಪಿಗೆಗೆ ಬೆಲೆ ಕೊಟ್ಟಿದೆ, 18 ವರ್ಷದೊಳಗಿನವರನ್ನು ಹಿಂಬಾಲಿಸಿ ಅವರಿಗೆಂದೇ ಜಾಹೀರಾತು ತೋರಿಸುವುದಕ್ಕೆ ತಡೆ ಹಾಕಿದೆ. ಕಾಯ್ದೆ ಇದ್ದರೂ ಕಾವಲು ಅವರವರದೇ. ಸಿನಿಮಾ ತೋರಿಸುವ ಆ್ಯಪ್‌ಗೆ ಫೋನಿನಲ್ಲಿರುವ ಹೆಸರುಗಳ ಪಟ್ಟಿ, ಎಸ್ಸೆಮ್ಮೆಸ್, ಕರೆಗಳ ವಿವರ ಬೇಕಾಗಿಲ್ಲ. ಕೇಳಿದರೆ ಕೊಡಬಾರದು, ಪಟ್ಟು ಹಿಡಿದರೆ ಆ್ಯಪ್ಪನ್ನೇ ತೆಗೆದುಹಾಕಬೇಕು.

ಮನೆಯಲ್ಲಿ ಮಕ್ಕಳಿದ್ದರೆ ಇನ್ನೊಂದು ವಿಷಯ ತಿಳಿದಿರಬೇಕು. 2021ರ ಫೆಬ್ರುವರಿಯಲ್ಲಿ ಬಂದ ಮಾಹಿತಿ ತಂತ್ರಜ್ಞಾನ ನಿಯಮಗಳ ಪ್ರಕಾರ ಓಟಿಟಿ ಸೇವೆಗಳು ಪ್ರತಿಯೊಂದಕ್ಕೂ ವಯಸ್ಸಿನ ಗುರುತು ಹಾಕಬೇಕು: ಎಲ್ಲರಿಗೂ, 7ರ ಮೇಲೆ, 13ರ ಮೇಲೆ, 16ರ ಮೇಲೆ, ವಯಸ್ಕರಿಗೆ ಮಾತ್ರ. 13ರ ಮೇಲಿನವಕ್ಕೆ ಪೋಷಕರು ಬೀಗ ಹಾಕುವ ಸೌಲಭ್ಯ ಇರಲೇಬೇಕು, ದೂರು ಕೊಟ್ಟರೆ 15 ದಿನದೊಳಗೆ ಉತ್ತರ ಕೊಡಬೇಕು. ಈ ಗುರುತೂ ಬೀಗವೂ ಕಾಣದ ಆ್ಯಪ್ಪನ್ನು ಮನೆಯ ಟಿವಿಗೆ ಸೇರಿಸಬಾರದು. ಅಶ್ಲೀಲ ಚಿತ್ರಣಕ್ಕಾಗಿ ಕೇಂದ್ರ ಸರ್ಕಾರ 2024ರ ಮಾರ್ಚ್‌ನಲ್ಲಿ 18 ಓಟಿಟಿ ಸೇವೆಗಳನ್ನು, 2025ರ ಜುಲೈಯಲ್ಲಿ 25 ಸೇವೆಗಳನ್ನು ಮುಚ್ಚಿಸಿತು.

ಇದಕ್ಕಿಂತ ದೊಡ್ಡ ಅಪಾಯ ಕದ್ದ ಸಿನಿಮಾಗಳದ್ದು. ಟೆಲಿಗ್ರಾಂ ಗುಂಪುಗಳಲ್ಲಿ, ಗೆಳೆಯರು ಕಳಿಸುವ, ಆ್ಯಪ್ ಕೂರಿಸುವ ಎಪಿಕೆ ಕಡತಗಳಲ್ಲಿ ನೆಟ್‌ಫ್ಲಿಕ್ಸ್‌ನಿಂದ ಹಿಡಿದು ಕನ್ನಡದ ಹೊಸ ಚಿತ್ರದವರೆಗೆ ಎಲ್ಲವೂ ಉಚಿತ ಎಂಬ ಆಮಿಷ ಬರುತ್ತದೆ. ಪ್ಲೇ ಸ್ಟೋರ್‌ನಲ್ಲಿ ಇಲ್ಲದ ಆ್ಯಪ್ಪನ್ನು ಹೊರಗಿಂದ ತಂದು ಕೂರಿಸಿದರೆ ಅದು ಓಟಿಪಿ ಓದುವ ಕಳ್ಳನೂ ಆಗಿರಬಹುದು. ಊರಿಂದ ಅಪ್ಪ ಕಳಿಸಿದ ಫೀಸಿನ ಹಣ ಇರುವುದು ಅದೇ ಫೋನಿನ ಯುಪಿಐ ಖಾತೆಯಲ್ಲಿ. ಕಾನೂನೂ ಈಗ ಬಿಗಿಯಾಗಿದೆ. 2023ರ ಸಿನಿಮಾಟೊಗ್ರಾಫ್ ತಿದ್ದುಪಡಿ ಕಾಯ್ದೆ ಸಿನಿಮಾ ಕದ್ದು ಚಿತ್ರೀಕರಿಸಿ ಹಂಚುವವರಿಗೆ ಮೂರು ತಿಂಗಳಿಂದ ಮೂರು ವರ್ಷದವರೆಗೆ ಸೆರೆ, 3 ಲಕ್ಷ ರೂಪಾಯಿಯಿಂದ ಶುರುವಾಗಿ ನಿರ್ಮಾಣ ವೆಚ್ಚದ ಶೇ 5ರವರೆಗೆ ದಂಡ ಎಂದಿದೆ. ಅದೇ ವರ್ಷದ ಆಗಸ್ಟ್‌ನಲ್ಲಿ ದೆಹಲಿ ಹೈಕೋರ್ಟ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಮುಂದೆ ಬರಲಿರುವ ಚಿತ್ರಗಳಿಗೂ ರಕ್ಷಣೆ ಸಿಗುವಂತೆ ಕಳ್ಳ ಜಾಲತಾಣಗಳನ್ನು ತಡೆಯುವ ಆದೇಶ ಕೊಟ್ಟಿತು. ಕನ್ನಡದಂಥ ಸೀಮಿತ ಮಾರುಕಟ್ಟೆಯಲ್ಲಿ ಕದ್ದು ನೋಡಿದ ಪ್ರತಿ ಸಿನಿಮಾ ನಿರ್ಮಾಪಕರ ಮುಂದಿನ ಸಿನಿಮಾಕ್ಕೆ ಬೀಳುವ ಹೊಡೆತ.

ಆ ಮಾರುಕಟ್ಟೆ ಎಷ್ಟು ಸೀಮಿತ ಎಂಬುದಕ್ಕೆ ರಕ್ಷಿತ್ ಶೆಟ್ಟಿ ಅವರ ‘ಏಕಂ’ ಸಾಕ್ಷಿ. ಕರಾವಳಿಯ ಏಳು ಕಥೆಗಳ ಈ ಕನ್ನಡ ಸರಣಿಯನ್ನು ಕೊಳ್ಳಲು ಯಾವ ದೊಡ್ಡ ಓಟಿಟಿಯೂ ಮುಂದೆ ಬರಲಿಲ್ಲ. ಕೊನೆಗೆ ತಂಡವೇ 2024ರ ಜುಲೈಯಲ್ಲಿ ತನ್ನದೇ ಜಾಲತಾಣ ಮಾಡಿ 149 ರೂಪಾಯಿಗೆ ತೋರಿಸಿತು. ದೊಡ್ಡ ಕಂಪನಿಗಳು ಕನ್ನಡಕ್ಕೆ ಹಣ ಹಾಕದಿದ್ದರೆ ಅವುಗಳ ಉಚಿತ ವಿಭಾಗಕ್ಕೂ ಕನ್ನಡ ಬರುವುದಿಲ್ಲ. ಉಚಿತ ಸೇವೆಗಳಲ್ಲಿ ಹೊಸ ಕನ್ನಡ ಇಷ್ಟು ಬಡವಾಗಿರುವುದರ ಮೂಲ ಇಲ್ಲಿದೆ.

ಹಾಗಾದರೆ ಲಕ್ಷ್ಮೀ ನಗರದ ಕನ್ನಡ ವಿದ್ಯಾರ್ಥಿ ಏನು ಮಾಡಬೇಕು? ಫೋನಿನಲ್ಲಿ ಯೂಟ್ಯೂಬ್ ಮತ್ತು ವೇವ್ಸ್ ಎರಡಿದ್ದರೆ ದಿನನಿತ್ಯಕ್ಕೆ ಸಾಕು. ಹಂಚಿಕೊಂಡ ಕೋಣೆಯಲ್ಲಿ ಟಿವಿ ಇದ್ದರೆ ಫ್ರೀ ಡಿಶ್. ಹೊಸ ಚಿತ್ರವೊಂದನ್ನು ನೋಡಲೇಬೇಕೆನಿಸಿದರೆ ಅದಿರುವ ಸೇವೆಗೆ ಕಡಿಮೆ ಅವಧಿಯ ಚಂದಾ ಕಟ್ಟಿ, ಆಟೊ ಪೇ ಕೂಡಲೇ ತೆಗೆದುಹಾಕಿ, ಪರೀಕ್ಷೆ ಮುಗಿದ ತಿಂಗಳಲ್ಲಿ ನೋಡಬಹುದು. ಬ್ಯಾಂಕ್ ಕಾರ್ಡ್ ವಿವರ ಕೇಳುವ ಸೇವೆ ಉಚಿತವಲ್ಲವೆಂದೇ ತಿಳಿಯಬೇಕು. ಯಾವುದೇ ಹೊಸ ಆ್ಯಪ್ಪನ್ನು ಉಳಿಸಿಕೊಳ್ಳುವ ಮುನ್ನ ಅದರಲ್ಲಿ ಕನ್ನಡವೆಂದು ಹುಡುಕಿ, ಸಿಕ್ಕ ಮೊದಲ ಕೆಲವನ್ನು ತೆರೆದು, ಆಡಿಯೊ ನಿಜವಾಗಿ ಕನ್ನಡದ್ದೋ, ಪೋಸ್ಟರ್ ಮಾತ್ರ ಕನ್ನಡದ್ದೋ ಎಂದು ನೋಡಬೇಕು. ಆ ಪರೀಕ್ಷೆಯಲ್ಲಿ ಸೋತ ಆ್ಯಪ್‌ಗೆ ಫೋನಿನಲ್ಲಿ ಜಾಗ ಕೊಡುವ ಅಗತ್ಯವಿಲ್ಲ.

ಸರ್ಕಾರದಿಂದ ಕೇಳಬೇಕಾದದ್ದೂ ಇದೆ. ಕೇರಳ 2024ರ ಮಾರ್ಚ್‌ನಲ್ಲಿ ಸಿಸ್ಪೇಸ್ ಎಂಬ ಸ್ವಂತ ಓಟಿಟಿ ತೆರೆದು ಒಂದು ಚಿತ್ರಕ್ಕೆ 75 ರೂಪಾಯಿಯಂತೆ ತೋರಿಸತೊಡಗಿತು. ಕರ್ನಾಟಕದ 2025–26ರ ಬಜೆಟ್‌ನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಅವರೂ ಕನ್ನಡ ಚಿತ್ರಗಳಿಗಾಗಿ ಸರ್ಕಾರದ್ದೇ ಓಟಿಟಿ ವೇದಿಕೆ ಮಾಡುವುದಾಗಿ ಪ್ರಕಟಿಸಿದರು. ಅದು ಜಾಹೀರಾತು ಸಹಿತ ಉಚಿತ ವಿಭಾಗವನ್ನೂ ಇಟ್ಟುಕೊಳ್ಳಲಿ. ಸರ್ಕಾರ ಸಹಾಯಧನ ಕೊಟ್ಟ ಚಿತ್ರಗಳು ಕೆಲವು ವರ್ಷಗಳ ನಂತರ ಅಲ್ಲಿ ಎಲ್ಲರಿಗೂ ಸಿಗಲಿ, ನಿರ್ಮಾಪಕರಿಗೆ ಜಾಹೀರಾತಿನ ಪಾಲು ಲೆಕ್ಕ ಸಹಿತ ತಲುಪಲಿ. ದೆಹಲಿ, ಮುಂಬೈ, ಕಾಸರಗೋಡು, ಸೊಲ್ಲಾಪುರದ ಕನ್ನಡಿಗರಿಗೂ ಅದು ತೆರೆದಿರಲಿ. ಇದನ್ನು ಸರ್ಕಾರದ ಮುಂದಿಡುವ ಕೆಲಸವನ್ನು ಹೊರನಾಡಿನ ಕನ್ನಡ ಸಂಘಗಳು ಈಗಲೇ ಕೈಗೆತ್ತಿಕೊಳ್ಳಬೇಕು.